ಮೂರು ಶಾಲೆ, ಮೂರು ನೋಟ್‌ಬುಕ್ಕು: ಹಾಸನದಲ್ಲಿ ಒಂದನೇ ಕ್ಲಾಸಿಗೆ ಸೀಟು ಹುಡುಕುವವರಿಗೆ

ನಮ್ಮದು ಹಾಸನದಲ್ಲಿ ಒಂದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಊರಿನ ಶಾಲೆಗಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕೌಂಟರಿನ ಹಿಂದೆ ನಿಂತು ಗೊತ್ತಾದದ್ದು. ಯಾವ ಶಾಲೆಯವರು ಪುಸ್ತಕದ ಪಟ್ಟಿಯಲ್ಲಿ ಏನೇನು ಬರೆದು ಕಳಿಸುತ್ತಾರೆ, ಯಾವ ಶಾಲೆಯ ಅಪ್ಪ-ಅಮ್ಮ ರಾತ್ರಿ ಷಟರ್ ಎಳೆಯುವ ಹೊತ್ತಿಗೆ ಓಡಿ ಬಂದು ‘ನಾಳೆ ಪ್ರಾಜೆಕ್ಟ್ ಕೊಡಬೇಕಂತೆ, ಸೌರವ್ಯೂಹದ್ದು ಒಂದು ಕಲರ್ ಪ್ರಿಂಟ್ ಕೊಡಿ’ ಅನ್ನುತ್ತಾರೆ, ಎಲ್ಲಾ ಗೊತ್ತು. ಒಂದನೇ ಕ್ಲಾಸಿನ ಮಗುವಿಗೆ ಥರ್ಮೋಕೋಲಿನಲ್ಲಿ ಜ್ವಾಲಾಮುಖಿ ಮಾಡಿಕೊಂಡು ಬಾ ಅನ್ನುವ ಶಾಲೆ ನಮ್ಮ ವ್ಯಾಪಾರಕ್ಕೆ ಒಳ್ಳೆಯದು. ಮಗುವಿಗೆ ಒಳ್ಳೆಯದಾ ಅನ್ನುವುದು ಬೇರೆ ಮಾತು. ಆ ಜ್ವಾಲಾಮುಖಿಗೆ ಬಣ್ಣ ಬಳಿಯುವವರು ಯಾರು ಅಂತ ಕೊಳ್ಳಲು ಬಂದವರ ಮುಖ ನೋಡಿದರೇ ತಿಳಿಯುತ್ತದೆ.

ನಮ್ಮ ಮಗಳು ಈಗ ಎರಡನೇ ಕ್ಲಾಸು. 2025ರಲ್ಲಿ ಅವಳನ್ನು ಒಂದನೇ ಕ್ಲಾಸಿಗೆ ಸೇರಿಸುವ ಮೊದಲು ನಾನೂ ನಮ್ಮನೆಯವರೂ ಮೂರು ಖಾಸಗಿ ಶಾಲೆಗಳನ್ನು ಒಳಗೆ ಹೋಗಿ ನೋಡಿದೆವು. ರಿಂಗ್ ರಸ್ತೆ ಕಡೆಯ ದೊಡ್ಡ ಶಾಲೆ, ಊರ ಮಧ್ಯದ ಹಳೇ ಶಾಲೆ, ನಮ್ಮ ಬಡಾವಣೆಯ ಸಣ್ಣ ಶಾಲೆ. ಹೆಸರು ಬರೆಯುವುದಿಲ್ಲ. ಮೂರೂ ಶಾಲೆಯ ಮಿಸ್‌ಗಳು ನಮ್ಮ ಗಿರಾಕಿಗಳು, ನಾಳೆ ಬೆಳಗ್ಗೆ ಮುಖ ನೋಡಬೇಕು. ಕೊನೆಗೆ ಸೇರಿಸಿದ್ದು ಸಣ್ಣ ಶಾಲೆಗೆ. ಯಾಕೆ ಅನ್ನುವುದನ್ನೂ, ಒಂದು ವರ್ಷ ಕಳೆದ ಮೇಲೆ ಅಲ್ಲಿ ಏನೇನು ಸರಿ ಇಲ್ಲ ಅನ್ನುವುದನ್ನೂ ಬರೆಯುತ್ತೇನೆ.

ಮೊದಲು ನನ್ನ ಅಳತೆಗೋಲು ಹೇಳಿಬಿಡುತ್ತೇನೆ. ಒಂದರಿಂದ ಐದನೇ ಕ್ಲಾಸಿನವರೆಗಿನ ಓದಿಗೆ ಶಾಲೆ ಹೇಗಿದೆ ಅಂತ ತಿಳಿಯಬೇಕಾದರೆ ನಾನು ನೋಡುವುದು ಅಲ್ಲಿ ಓದುತ್ತಿರುವ ಮಗುವಿನ ನೋಟ್‌ಬುಕ್ಕು. ಡಿಸೆಂಬರ್, ಜನವರಿ ಹೊತ್ತಿನದ್ದು, ಅರ್ಧ ಪುಸ್ತಕ ಬರೆದಾಗಿರುವಂಥದ್ದು. ಕಟ್ಟಡ ಕಟ್ಟಿಸಬಹುದು. ಸ್ಮಾರ್ಟ್ ಬೋರ್ಡ್ ಕೊಳ್ಳಬಹುದು. ಆ್ಯನುಯಲ್ ಡೇಗೆ ಲೈಟು, ಸೌಂಡು ಬಾಡಿಗೆಗೆ ತರಬಹುದು. ಒಂದು ಕ್ಲಾಸಿನ ಅಷ್ಟೂ ಮಕ್ಕಳ ಪುಸ್ತಕಕ್ಕೆ ದಿನಾ ಕೆಂಪು ಪೆನ್ನು ಹಿಡಿದು ಕೂರುವುದಕ್ಕೆ ಮಾತ್ರ ಕೆಲಸ ಗೊತ್ತಿರುವ ಒಬ್ಬ ಮಿಸ್ ಬೇಕು, ಅವರಿಗೆ ಪುರುಸೊತ್ತು ಬೇಕು.

ನನಗೆ ಈ ನೋಟ್‌ಬುಕ್ಕುಗಳು ಹುಡುಕದೆಯೇ ಸಿಗುತ್ತವೆ. ಮಗು ಜ್ವರ ಬಂದು ನಾಲ್ಕು ದಿನ ಮಲಗಿತು ಅನ್ನಿ, ಅಮ್ಮಂದಿರು ಪಕ್ಕದ ಮನೆ ಮಗುವಿನ ಪುಸ್ತಕ ತಂದು ಜೆರಾಕ್ಸ್ ಮಾಡಿಸುತ್ತಾರೆ. ಪುಟ ತಿರುಗಿಸುತ್ತಾ ಓದದೆ ಇರಲು ಆಗುವುದಿಲ್ಲ. ನಿಮಗೆ ಅಂಗಡಿ ಇಲ್ಲದಿದ್ದರೆ ಏನೂ ತೊಂದರೆ ಇಲ್ಲ, ಆ ಶಾಲೆಗೆ ಹೋಗುವ ಮಗು ನಿಮ್ಮ ಬೀದಿಯಲ್ಲೇ ಒಂದಾದರೂ ಇರುತ್ತದೆ. ಕೇಳಿದರೆ ತೋರಿಸುತ್ತಾರೆ.

ದೊಡ್ಡ ಶಾಲೆಯಿಂದ ಶುರು ಮಾಡೋಣ. ಸಿಬಿಎಸ್‌ಇ. ಗೇಟಿನಿಂದ ಆಫೀಸಿನವರೆಗೆ ಹುಲ್ಲುಹಾಸು, ಒಳಗೆ ಎಸಿ ರೂಮು, ಮೇಜಿನ ಮೇಲೆ ಹೊಳೆಯುವ ಬ್ರೋಷರ್. ಸ್ಕೇಟಿಂಗ್, ಅಬಾಕಸ್, ರೋಬೋಟಿಕ್ಸ್ ಎಲ್ಲವೂ ಇದೆ. ಮಾತಾಡಿಸಿದವರು ಎಚ್‌ಎಂ ಅಲ್ಲ, ಮಿಸ್ಸೂ ಅಲ್ಲ, ಅಡ್ಮಿಷನ್‌ಗೇ ಅಂತ ಇಟ್ಟುಕೊಂಡಿರುವ ಒಬ್ಬ ಹುಡುಗಿ. ‘ಸರ್ ಏನು ಮಾಡಿಕೊಂಡಿದ್ದಾರೆ, ನೀವು ಎಷ್ಟು ಓದಿದ್ದೀರಿ ಮ್ಯಾಮ್’ ಅಂತ ಒಂದು ಫಾರಂ ತುಂಬಿಸಿಕೊಂಡರು. ಆಮೇಲೆ ಮಗಳ ಕಡೆ ತಿರುಗಿ, ನಿನಗೆ ಇಷ್ಟದ ತಿಂಡಿ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಅವಳು ‘ಕಡುಬು’ ಅಂದಳು. ‘ಇಂಗ್ಲಿಷಲ್ಲಿ ಹೇಳು ಪುಟ್ಟಾ’ ಅಂದರು. ಅವಳು ಸ್ವಲ್ಪ ಯೋಚನೆ ಮಾಡಿ ಮತ್ತೆ ‘ಕಡುಬು’ ಅಂದಳು. ನಮ್ಮನೆಯವರಿಗೆ ನಗು ತಡೆಯಲಾಗಲಿಲ್ಲ. ಆ ಹುಡುಗಿ ಮಾತ್ರ ನಗದೆ ಫಾರಂನಲ್ಲಿ ಏನೋ ಬರೆದುಕೊಂಡಿತು.

ಈ ಇಂಟರ್‌ವ್ಯೂ ಬಗ್ಗೆ ಒಂದು ಮಾತು ಹೇಳಲೇಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 13ನೇ ಸೆಕ್ಷನ್ ಪ್ರಕಾರ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಲು ಮಗುವನ್ನಾಗಲೀ ಅಪ್ಪ-ಅಮ್ಮನನ್ನಾಗಲೀ ಪರೀಕ್ಷೆ ಮಾಡುವ ಹಾಗಿಲ್ಲ. ಮೊದಲ ಸಲಕ್ಕೆ 25,000, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ ಹಾಕಬಹುದು. ಅದಕ್ಕೇ ಈ ಇಂಟರ್‌ವ್ಯೂವನ್ನು ಶಾಲೆಯವರು ‘ಇಂಟರ್‌ಯಾಕ್ಷನ್’ ಅಂತ ಕರೆಯುತ್ತಾರೆ. ನಿಮ್ಮ ಮಗು ಅಲ್ಲಿ ಬಾಯಿ ಬಿಡದಿದ್ದರೂ ಚಿಂತೆ ಮಾಡಬೇಡಿ, ಮನೆಗೆ ಬಂದು ಅದರ ಮೇಲೆ ರೇಗಲೂ ಬೇಡಿ.

ಒಳ್ಳೆಯದನ್ನೂ ಹೇಳಬೇಕು. ಮೂರು ಶಾಲೆಗಳಲ್ಲಿ ಟಾಯ್ಲೆಟ್ ನಿಜಕ್ಕೂ ಚೆನ್ನಾಗಿದ್ದದ್ದು ಇಲ್ಲಿ ಮಾತ್ರ. ಚಿಕ್ಕ ಮಕ್ಕಳ ಎತ್ತರಕ್ಕೆ ಸರಿಯಾಗಿ ಸಿಂಕು, ಸೋಪು, ಬಾಗಿಲಲ್ಲೇ ಒಬ್ಬ ಆಯಮ್ಮ. ಆಟದ ಮೈದಾನ ನಿಜವಾದ ಮೈದಾನ. ಬಸ್ಸು ಹಳದಿ ಬಣ್ಣದ್ದು, 40 ಕಿಲೋಮೀಟರಿಗೆ ಸ್ಪೀಡ್ ಗವರ್ನರ್ ಹಾಕಿದ್ದರು, ಹತ್ತಿಸಿ ಇಳಿಸಲು ಹೆಂಗಸೊಬ್ಬರು ಜೊತೆಗಿದ್ದರು. ಸಿಬಿಎಸ್‌ಇ ಮಾನ್ಯತೆಯೂ ಸರಿಯಾಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ರಾಜ್ಯ ಪಠ್ಯಕ್ರಮಕ್ಕೆ ಅನುಮತಿ ತೆಗೆದುಕೊಂಡು ಬೋರ್ಡಿನಲ್ಲಿ ಸಿಬಿಎಸ್‌ಇ ಅಂತ ಬರೆಸಿಕೊಳ್ಳುವ ಶಾಲೆಗಳೂ ರಾಜ್ಯದಲ್ಲಿ ಸಿಕ್ಕಿಬಿದ್ದಿವೆ. ಬ್ರೋಷರ್ ನಂಬಬೇಡಿ. ಶಾಲೆಯ ಯುಡೈಸ್ ನಂಬರ್, ಅಂದರೆ ಪ್ರತಿ ಶಾಲೆಗೂ ಸರ್ಕಾರದ ದಾಖಲೆಯಲ್ಲಿ ಇರುವ ನಂಬರ್, ಕೇಳಿ, 11 ಅಂಕಿ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಸಿಬಿಎಸ್‌ಇ ಅಂದರೆ ಆ ಮಂಡಳಿಯ ವೆಬ್‌ಸೈಟಿನಲ್ಲೇ ಶಾಲೆಯ ಹೆಸರು ಹುಡುಕಿ ನೋಡಿ.

ಇನ್ನು ನೋಟ್‌ಬುಕ್ಕು. ಈ ಶಾಲೆಯಲ್ಲಿ ನೋಟ್‌ಬುಕ್ಕಿಗಿಂತ ವರ್ಕ್‌ಬುಕ್ಕೇ ಜಾಸ್ತಿ. ಬಣ್ಣ ಬಣ್ಣದ ಚಿತ್ರ, ಕೆಳಗೆ ಬಿಟ್ಟ ಸ್ಥಳ ತುಂಬಿ. ಮಗು ಒಂದು ಪುಟಕ್ಕೆ ಮೂರು ಪದ ಬರೆದರೆ ಮುಗಿಯಿತು. ಪ್ರತಿ ಪುಟದಲ್ಲೂ ನಗುವ ಮುಖದ ಒಂದು ನೀಲಿ ಸೀಲು. ಕನ್ನಡದ ಪುಟ ತೆಗೆದೆ. ಅಜ್ಜಿಯ ಚಿತ್ರದ ಕೆಳಗೆ ಮಗು ‘ಅಜಿ’ ಅಂತ ಬರೆದಿತ್ತು. ಅಕ್ಕನ ಚಿತ್ರದ ಕೆಳಗೆ ‘ಅಕ’. ಎರಡಕ್ಕೂ ರೈಟ್ ಹಾಕಿ, ಪಕ್ಕದಲ್ಲಿ ನಗುವ ಮುಖ ಒತ್ತಿದ್ದರು. ಅದು ಎರಡನೇ ಕ್ಲಾಸಿನ ಪುಸ್ತಕ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಸಿಬಿಎಸ್‌ಇ ಶಾಲೆಯಲ್ಲೂ ಒಂದನೇ ಕ್ಲಾಸಿನಿಂದ ಕನ್ನಡ ಕಲಿಸಲೇಬೇಕು. ಕಲಿಸುತ್ತಿದ್ದಾರೆ, ಅನುಮಾನ ಇಲ್ಲ. ಮಗು ಬರೆದದ್ದನ್ನು ಓದುವವರು ಇಲ್ಲ ಅಷ್ಟೇ.

ಫೀಸು 90,000ದ ಆಸುಪಾಸು, ಬಸ್ಸಿಗೆ ಬೇರೆ. ಪುಸ್ತಕದ ಸೆಟ್ಟು ಶಾಲೆಯಲ್ಲೇ ತೆಗೆದುಕೊಳ್ಳಬೇಕು, 5,000ದ ಹತ್ತಿರ. ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಸಿಇಆರ್‌ಟಿ ತರುವ ಒಂದನೇ ಕ್ಲಾಸಿನ ಪುಸ್ತಕಕ್ಕೆ ತಲಾ 65 ರೂಪಾಯಿ. ಸಿಬಿಎಸ್‌ಇ ಅಂತ ಹೇಳಿಕೊಂಡು ಅದೇ ಪುಸ್ತಕ ಬಿಟ್ಟು ಖಾಸಗಿ ಪ್ರಕಾಶಕರದ್ದೇ ಯಾಕೆ ಅಂತ ಕೇಳಿದೆ. ‘ನಮ್ಮದು ಇಂಟರ್‌ನ್ಯಾಷನಲ್ ಕರಿಕ್ಯುಲಮ್ ಮ್ಯಾಮ್’ ಅಂದರು. ಸ್ಟೇಷನರಿ ಅಂಗಡಿಯವಳ ಹೊಟ್ಟೆಕಿಚ್ಚು ಅಂದುಕೊಳ್ಳುವವರು ಅಂದುಕೊಳ್ಳಲಿ.

ಫೀಸು ಜಾಸ್ತಿ ಅಂತ ಬಿಇಒ (ತಾಲೂಕಿನ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗುತ್ತೇವೆ ಅನ್ನುವವರಿಗೂ ಒಂದು ವಿಷಯ. ಅನುದಾನ ಇಲ್ಲದ ಖಾಸಗಿ ಶಾಲೆಗಳ ಫೀಸು ಸರ್ಕಾರ ನಿಗದಿ ಮಾಡಲು ಇದ್ದ ಕಲಮುಗಳನ್ನು 2023ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ತೆಗೆದುಹಾಕಿತು. ಆರ್‌ಟಿಇ ಸೀಟಿನ ಆಸೆಯೂ ಹಾಸನದಂಥ ಊರಿನಲ್ಲಿ ಬೇಡ. ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಶೇ. 25ರ ಸೀಟು ಕಾಯ್ದೆಯಲ್ಲಿ ಇದೆ, ನಿಜ. ಆದರೆ 2019ರಿಂದ ನಮ್ಮ ರಾಜ್ಯದ ನಿಯಮ ಬದಲಾಗಿದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಕೊಡುವುದಿಲ್ಲ. ಊರೊಳಗೆ ಸರ್ಕಾರಿ ಶಾಲೆ ಹತ್ತಿರ ಇಲ್ಲದ ಬಡಾವಣೆ ಎಲ್ಲಿದೆ ಹೇಳಿ?

ಹಳೇ ಶಾಲೆ ನಮ್ಮ ಅತ್ತೆಗೆ ಬಹಳ ಇಷ್ಟ. ಅವರ ಕಾಲದಿಂದಲೂ ಹೆಸರು ಮಾಡಿದ್ದು, ಶಿಸ್ತು ಜಾಸ್ತಿ. ಕಾಂಪೌಂಡಿನ ಉದ್ದಕ್ಕೂ ಎಸ್‌ಎಸ್‌ಎಲ್‌ಸಿಯಲ್ಲಿ ಮಾರ್ಕ್ಸ್ ತೆಗೆದವರ ಫೋಟೋ ಹಾಕಿದ ಫ್ಲೆಕ್ಸು. 2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ಇಡೀ ರಾಜ್ಯಕ್ಕೇ ಮೊದಲು ಬಂತು. ಆವತ್ತಿನಿಂದ ಈ ಫ್ಲೆಕ್ಸಿನ ಹುಚ್ಚು ಎಲ್ಲಾ ಶಾಲೆಗೂ ಹಿಡಿದಿದೆ. ನನಗೇನೋ ಲಾಭವೇ, ಡಿಸೈನ್ ಮಾಡಿಕೊಡುವುದು ನಾವೇ. ಆದರೆ ಆರು ವರ್ಷದ ಮಗುವನ್ನು ಸೇರಿಸಲು ಬಂದವರಿಗೆ ಹತ್ತನೇ ಕ್ಲಾಸಿನವರ ಫೋಟೋ ತೋರಿಸಿ ಏನು ಪ್ರಯೋಜನ? ಆ ಫೋಟೋದಲ್ಲಿರುವವರಲ್ಲಿ ಎಷ್ಟು ಜನ ಅಲ್ಲೇ ಒಂದನೇ ಕ್ಲಾಸು ಓದಿದವರು ಅಂತ ಕೇಳಿದೆ. ಗುಮಾಸ್ತರು ‘ಅದೆಲ್ಲ ಲೆಕ್ಕ ಇಟ್ಟಿಲ್ಲಮ್ಮ’ ಅಂದರು.

ಒಂದನೇ ಕ್ಲಾಸಿನ ರೂಮಿಗೆ ಇಣುಕಿ ನೋಡಿದೆ. ಒಂದು ಬೆಂಚಿಗೆ ನಾಲ್ಕು ಮಕ್ಕಳು, ಒಟ್ಟು 48. ಕಾಯ್ದೆಯ ಲೆಕ್ಕದಲ್ಲಿ ಐದನೇ ಕ್ಲಾಸಿನವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು. ಪಾಪ, ಆ ಮಿಸ್ ಒಳ್ಳೆಯವರೇ, ಗಂಟಲು ಕಟ್ಟಿಹೋಗಿತ್ತು. ಮೇಜಿನ ಮೇಲೆ ಮರದ ಸ್ಕೇಲು ಇತ್ತು. ಹೊಡೆಯುವುದನ್ನು ನಾನು ನೋಡಿಲ್ಲ, ಹಾಗಾಗಿ ಹೊಡೆಯುತ್ತಾರೆ ಅಂತ ಹೇಳುವುದಿಲ್ಲ. ಮಕ್ಕಳು ಆ ಸ್ಕೇಲಿನ ಕಡೆ ನೋಡುತ್ತಿದ್ದ ರೀತಿ ಮಾತ್ರ ನನಗೆ ಹಿಡಿಸಲಿಲ್ಲ.

ಇಲ್ಲಿನ ನೋಟ್‌ಬುಕ್ಕು ನೋಡಲು ಬಹಳ ಚೆಂದ. ಬ್ರೌನ್ ಶೀಟು, ಲೇಬಲ್ಲು, ಮುತ್ತಿನಂಥ ಅಕ್ಷರ, ಒಂದು ಕಾಟು ಕೂಡ ಇಲ್ಲ. ‘ನನ್ನ ಕುಟುಂಬ’ ಅಂತ ಐದು ವಾಕ್ಯ. ‘ನನ್ನ ಕುಟುಂಬವು ಚಿಕ್ಕದು. ನನಗೆ ಒಬ್ಬ ತಮ್ಮನಿದ್ದಾನೆ. ನಾವೆಲ್ಲರೂ ಸಂತೋಷದಿಂದ ಇರುತ್ತೇವೆ.’ ಎರಡು ತಿಂಗಳ ಕೆಳಗೆ ಅದೇ ಕ್ಲಾಸಿನ ಬೇರೆ ಮಗುವಿನ ಪುಸ್ತಕ ಜೆರಾಕ್ಸಿಗೆ ಬಂದಿತ್ತು. ಅದರಲ್ಲೂ ಅಕ್ಷರ ಅಕ್ಷರ ಇದೇ. ಆ ಎರಡನೇ ಮಗುವಿಗೆ ತಮ್ಮನೇ ಇಲ್ಲ! ನಮ್ಮ ಹಿಂದಿನ ಬೀದಿಯ ಮಗು ಅದು, ಒಬ್ಬನೇ ಮಗ. ಬೋರ್ಡಿನ ಮೇಲೆ ಬರೆದರು, ಮಕ್ಕಳು ಇಳಿಸಿಕೊಂಡರು, ಮಿಸ್ ಸಹಿ ಮಾಡಿದರು. 48 ಮಕ್ಕಳು 48 ಥರ ಬರೆದರೆ ತಿದ್ದುವುದು ಯಾವಾಗ ಅನ್ನುವುದೂ ನನಗೆ ಅರ್ಥವಾಗುತ್ತದೆ.

ಫೀಸು 45,000ದ ಒಳಗೆ. ಅದರ ಮೇಲೆ ‘ಬಿಲ್ಡಿಂಗ್ ಫಂಡ್’ ಅಂತ ಒಂದು ಮೊತ್ತ ಹೇಳಿದರು. ರಸೀದಿ ಕೊಡುತ್ತೀರಾ ಅಂದೆ. ‘ಅದಕ್ಕೆ ರಸೀದಿ ಇರಲ್ಲ ಮೇಡಂ.’ ಡೊನೇಷನ್ ತೆಗೆದುಕೊಳ್ಳಬಾರದು ಅಂತ 1984ರಿಂದಲೇ ರಾಜ್ಯದಲ್ಲಿ ಕಾನೂನಿದೆ. ಆರ್‌ಟಿಇ ಕಾಯ್ದೆಯಲ್ಲಿ ತೆಗೆದುಕೊಂಡ ಹಣದ ಹತ್ತು ಪಟ್ಟಿನವರೆಗೆ ದಂಡ ಇದೆ. ಕೊಡುವವರು ಸಾಲು ನಿಂತಿರುವಾಗ ದೂರು ಕೊಡುವವರು ಯಾರು? ನಾವೂ ಕೊಡಲಿಲ್ಲ. ಸುಮ್ನೆ ಎದ್ದು ಬಂದೆವು.

ಈ ಎರಡು ಶಾಲೆ ನೋಡಿದ ಮೇಲೆ ಸರ್ಕಾರಿ ಶಾಲೆಯನ್ನೂ ಯೋಚಿಸಿದೆವು. ಸುಮ್ನೆ ಬಾಯಿ ಮಾತಿಗೆ ಅಲ್ಲ. ನಮ್ಮನೆಯವರು ಓದಿದ್ದೇ ಆಲೂರು ಕಡೆಯ ಹಳ್ಳಿ ಶಾಲೆಯಲ್ಲಿ. ಕರ್ನಾಟಕ ಪಬ್ಲಿಕ್ ಸ್ಕೂಲ್ ಅಂದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡು, ಇಂಗ್ಲಿಷ್ ಮಾಧ್ಯಮವೂ ಇದೆ. ಪುಸ್ತಕ, ಬಟ್ಟೆ, ಹಾಲು, ಮಧ್ಯಾಹ್ನದ ಊಟ ಎಲ್ಲಾ ಸರ್ಕಾರದ್ದು. ನಮಗೆ ಅದು ದೂರ ಆಯಿತು, ಇಂಗ್ಲಿಷ್ ವಿಭಾಗದಲ್ಲಿ ಅಲ್ಲೇ ಯುಕೆಜಿ ಓದಿದ ಮಕ್ಕಳೇ ತುಂಬಿಕೊಂಡಿದ್ದರು. ಕೇಂದ್ರೀಯ ವಿದ್ಯಾಲಯಕ್ಕೆ ಮಾರ್ಚ್ 31ಕ್ಕೆ ಆರು ವರ್ಷ ತುಂಬಿರಬೇಕು, ನಮ್ಮವಳಿಗೆ ತುಂಬಿರಲಿಲ್ಲ. ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ, ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅಲ್ಲಿನ ಮೇಡಂ ಕಲಿಸುವುದನ್ನು ಕಿಟಕಿಯಿಂದ ನೋಡಿದ್ದೇನೆ, ಈ ಊರಿನ ಎಷ್ಟೋ ಖಾಸಗಿ ಮಿಸ್‌ಗಳಿಗಿಂತ ಮೇಲು. ಆದರೆ ಅವರನ್ನು ಕ್ಲಾಸಿನಲ್ಲಿ ಇರಲು ಬಿಡಬೇಕಲ್ಲ? ಎಲೆಕ್ಷನ್ ಕೆಲಸ, ಸಮೀಕ್ಷೆ, ಟ್ರೈನಿಂಗು. 2025ರ ದಸರಾ ಹೊತ್ತಿಗೆ ಜಾತಿ ಸಮೀಕ್ಷೆ ಅಂತ ಮನೆ ಮನೆ ಸುತ್ತಿಸಿದರು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು.

ಈಗ ಸಣ್ಣ ಶಾಲೆ. ಹಳೇ ಮನೆಯೊಂದನ್ನು ಹಿಂದಕ್ಕೆ ಹಿಗ್ಗಿಸಿ ಮಾಡಿದ್ದು. ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ, ಏಳನೇ ಕ್ಲಾಸಿನವರೆಗೆ ಅನುಮತಿ. ಹುಲ್ಲುಹಾಸು ಇಲ್ಲ, ಮೈದಾನ ಅನ್ನುವುದು ಒಂದು ಥ್ರೋಬಾಲ್ ಕೋರ್ಟಿನಷ್ಟು. ಎಚ್‌ಎಂ ಮೇಡಂ ತಾವೇ ಐದನೇ ಕ್ಲಾಸಿಗೆ ಗಣಿತ ಮಾಡುತ್ತಾರೆ. ನಾವು ಹೋದಾಗ ಕೈಯಲ್ಲಿ ಚಾಕ್‌ಪೀಸ್ ಹಿಡಿದುಕೊಂಡೇ ಹೊರಗೆ ಬಂದರು.

ಅಲ್ಲಿ ಒಂದು ಸಂಗತಿ ನಡೆಯಿತು. ಜೂನ್ 1ಕ್ಕೆ ಆರು ವರ್ಷ ತುಂಬಿದ್ದರೆ ಮಾತ್ರ ಒಂದನೇ ಕ್ಲಾಸು ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿತ್ತು. ಮುಂದೂಡಿ ಮುಂದೂಡಿ 2025-26ಕ್ಕೆ ಜಾರಿ ಅಂದಿದ್ದರು. ನಮ್ಮ ಮಗಳಿಗೆ ಮೂರು ತಿಂಗಳು ಕಡಿಮೆ. ದೊಡ್ಡ ಶಾಲೆಯಲ್ಲಿ ‘ಅದೆಲ್ಲ ನಾವು ನೋಡ್ಕೋತೀವಿ, ಈಗ ಅರ್ಧ ಫೀಸು ಕಟ್ಟಿ’ ಅಂದಿದ್ದರು. ಈ ಮೇಡಂ ‘ದುಡ್ಡು ಈಗ ಕಟ್ಟಬೇಡಿ, ಆದೇಶ ಏನಾಗುತ್ತೋ ನೋಡೋಣ, ಸೀಟು ಇಟ್ಟಿರ್ತೀನಿ. ಆಗಲಿಲ್ಲ ಅಂದ್ರೆ ಇನ್ನೊಂದು ವರ್ಷ ಆಡಿಕೊಂಡಿರಲಿ ಬಿಡಿ’ ಅಂದರು. ಏಪ್ರಿಲ್‌ನಲ್ಲಿ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಾದರೆ ಸಾಕು ಅಂತ ಸಡಿಲಿಕೆ ಸಿಕ್ಕಿತು. ಸೇರಿಸಿದೆವು. ಈ ವಯಸ್ಸಿನ ವಿಷಯದಲ್ಲಿ ಶಾಲೆಯವರ ಬಾಯಿ ಮಾತು ನಂಬಿ ದುಡ್ಡು ಕಟ್ಟಬೇಡಿ, ನೀವು ಸೇರಿಸುವ ವರ್ಷದ ಆದೇಶ ಏನು ಅಂತ ಬಿಇಒ ಆಫೀಸಿನಲ್ಲಿ ಕೇಳಿ.

ಇಲ್ಲಿನ ನೋಟ್‌ಬುಕ್ಕು ನೋಡಲು ಅಷ್ಟು ಚೆಂದ ಇಲ್ಲ. ಕಾಟು, ಚಿತ್ತು, ರಬ್ಬರಿನಲ್ಲಿ ಉಜ್ಜಿ ತೂತು ಬಿದ್ದ ಪುಟ. ಎದುರು ಮನೆಯ ಹುಡುಗನದ್ದು ನೋಡಿದೆ, ಆಗ ಅವನು ಎರಡನೇ ಕ್ಲಾಸು. ಅವನೂ ‘ಅಜಿ’ ಅಂತಲೇ ಬರೆದಿದ್ದ. ಮಿಸ್ ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ದೊಡ್ಡದಾಗಿ ‘ಅಜ್ಜಿ’ ಅಂತ ಬರೆದು, ಜ ಒತ್ತು ಎಲ್ಲಿಂದ ಶುರು ಮಾಡಿ ಎಲ್ಲಿಗೆ ಎಳೆಯಬೇಕು ಅಂತ ಸಣ್ಣ ಬಾಣದ ಗುರುತು ಹಾಕಿದ್ದರು. ಕೆಳಗೆ ಅವನ ಕೈಯಲ್ಲಿ ಮೂರು ಸಲ ಬರೆಸಿದ್ದರು. ಮೊದಲನೆಯದು ಸೊಟ್ಟ, ಮೂರನೆಯದು ಸುಮಾರು. ಎರಡು ಪುಟ ಆದ ಮೇಲೆ ಅವನೇ ಒಂದು ವಾಕ್ಯ ಬರೆದಿದ್ದಾನೆ, ‘ಅಜ್ಜಿ ಮಜ್ಜಿಗೆ ಕೊಟ್ಟರು’. ಮೂರೂ ಒತ್ತು ಸರಿ. ಪಕ್ಕದಲ್ಲಿ ಸ್ಟಾರ್ ಇಲ್ಲ, ಸೀಲು ಇಲ್ಲ. ಕೆಂಪಿನಲ್ಲಿ ‘ಈಗ ಸರಿ’ ಅಂತ ಮಾತ್ರ ಇತ್ತು. ನಮ್ಮನೆಯವರನ್ನು ಕರೆದು ತೋರಿಸಿದೆ. ಅವರು ‘ಇನ್ನೇನು ನೋಡೋದಿದೆ’ ಅಂದರು.

ಆದರೂ ಇನ್ನೊಂದನ್ನು ನೋಡುವುದಿತ್ತು. ಆ ಮಿಸ್ ಮುಂದಿನ ವರ್ಷವೂ ಅಲ್ಲೇ ಇರುತ್ತಾರಾ? ಖಾಸಗಿ ಶಾಲೆಗಳ ದೊಡ್ಡ ರೋಗ ಇದೇ. ಸಂಬಳ ಕಡಿಮೆ, ಅದೂ ಬೇಸಿಗೆ ರಜೆಯಲ್ಲಿ ಎಷ್ಟೋ ಕಡೆ ಇಲ್ಲ. ಏಪ್ರಿಲ್ ಬಂತೆಂದರೆ ಮಿಸ್‌ಗಳು ನಮ್ಮ ಅಂಗಡಿಗೆ ಬಯೋಡೇಟಾ ಪ್ರಿಂಟ್ ತೆಗೆಸಲು ಬರುತ್ತಾರೆ. ಯಾವ ಶಾಲೆಯಿಂದ ಗುಂಪು ಗುಂಪಾಗಿ ಬರುತ್ತಾರೆ, ಯಾವ ಶಾಲೆಯವರು ಪ್ರತಿ ಮೇ ತಿಂಗಳು ‘ಶಿಕ್ಷಕಿಯರು ಬೇಕಾಗಿದ್ದಾರೆ’ ಅಂತ ಪಾಂಪ್ಲೆಟ್ ಮಾಡಿಸುತ್ತಾರೆ ಅಂತ ಲೆಕ್ಕ ಇಡದೆಯೇ ಗೊತ್ತಾಗುತ್ತದೆ. ದೊಡ್ಡ ಶಾಲೆಯವರು ಪ್ರತಿ ವರ್ಷ ಮಾಡಿಸುತ್ತಾರೆ. ಸಣ್ಣ ಶಾಲೆಯ ಒಂದನೇ ಕ್ಲಾಸಿನ ಮಿಸ್ ಹತ್ತು ವರ್ಷದ ಮೇಲಾಯಿತು, ಅಲ್ಲೇ ಇದ್ದಾರೆ. ಡಿ.ಎಡ್ ಮಾಡಿದವರು. ಇದನ್ನು ಕೇಳಲು ಸಂಕೋಚ ಪಡಬೇಡಿ. ಎಷ್ಟೋ ಶಾಲೆಯಲ್ಲಿ ‘ನಮ್ಮ ಟೀಚರ್ಸೆಲ್ಲ ಎಂ.ಎಸ್ಸಿ, ಬಿ.ಎಡ್’ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಬಿ.ಎಡ್ ಹೈಸ್ಕೂಲಿಗೆ ಸರಿ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬಿ.ಎಡ್ ಅರ್ಹತೆ ಅಲ್ಲ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಚಿಕ್ಕ ಮಕ್ಕಳಿಗೆ ಅಕ್ಷರ ಹತ್ತಿಸುವ ತರಬೇತಿಯೇ ಬೇರೆ, ಅದು ಡಿ.ಎಡ್‌ನಲ್ಲಿ ಸಿಗುತ್ತದೆ.

ಫೀಸು 30,000ಕ್ಕೆ ಸ್ವಲ್ಪ ಮೇಲೆ, ಮೂರು ಕಂತು, ಪ್ರತಿ ಕಂತಿಗೂ ರಸೀದಿ. ವ್ಯಾನಿನ ಖರ್ಚು ಇಲ್ಲ, ನಡೆದುಕೊಂಡೇ ಹೋಗುತ್ತಾಳೆ. ಈ ಹತ್ತಿರದ ಬೆಲೆ ನಮಗೆ ಗೊತ್ತಾದದ್ದು ಹಾಸನಾಂಬ ದರ್ಶನದ ಸಮಯದಲ್ಲಿ. ದೇವಸ್ಥಾನದ ಬಾಗಿಲು ವರ್ಷಕ್ಕೆ ಒಂದೇ ಸಲ, ದೀಪಾವಳಿ ಆಸುಪಾಸಿನ ಕೆಲವು ದಿನ ತೆಗೆಯುವುದು. ಆಗ ಊರಿನ ಅರ್ಧ ರಸ್ತೆ ಬಂದ್. ದೊಡ್ಡ ಶಾಲೆಯ ಬಸ್ಸಿಗೆ ಕಾದು ಕಾದು ನಮ್ಮ ಮನೆ ಮಾಲೀಕರ ಮೊಮ್ಮಗ ಫುಟ್‌ಪಾತಿನ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದ. ನಮ್ಮವಳು ಆ ಹೊತ್ತಿಗೆ ಪ್ರಾರ್ಥನೆ ಮುಗಿಸಿ ಕ್ಲಾಸಿನೊಳಗಿದ್ದಳು.

ಒಂದು ವರ್ಷದ ಫಲ ಹೇಳುವುದಾದರೆ, ಕನ್ನಡ ನಿರಾಳವಾಗಿ ಓದುತ್ತಾಳೆ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ ಏನನ್ನೂ ಬಿಡುವುದಿಲ್ಲ. ಅರಸೀಕೆರೆ ಬಸ್ಸು ಕಂಡರೆ ಗಟ್ಟಿಯಾಗಿ ಓದುತ್ತಾಳೆ. ಕೂಡುವುದು, ಕಳೆಯುವುದು ಸರಾಗ. ಇಂಗ್ಲಿಷ್ ಬರೆಯುತ್ತಾಳೆ, ಮಾತಾಡುವುದು ಅಷ್ಟಕ್ಕಷ್ಟೇ. ನಮ್ಮ ನಾದಿನಿಯ ಮಗ ಬೆಂಗಳೂರಿನಿಂದ ಬಂದು ಪಟಪಟ ಇಂಗ್ಲಿಷ್ ಮಾತಾಡಿದಾಗ ಅತ್ತೆ ನನ್ನ ಕಡೆ ಒಂದು ನೋಟ ಬಿಟ್ಟರು. ಅವರು ಹೇಳುವುದರಲ್ಲಿ ನ್ಯಾಯ ಇಲ್ಲದೆ ಇಲ್ಲ. ಇಲ್ಲಿನ ಮಿಸ್‌ಗಳೇ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಹೇಳಿಕೊಡುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಇಲ್ಲದವರು, ಮಗು ಬೇಗ ಇಂಗ್ಲಿಷ್ ಮಾತಾಡಬೇಕು ಅಂತ ಬಯಸುವವರು ದೊಡ್ಡ ಶಾಲೆಗೇ ಹೋಗಿ, ಆ ಕೆಲಸವನ್ನು ಅವರು ಚೆನ್ನಾಗಿ ಮಾಡುತ್ತಾರೆ. ಕನ್ನಡವನ್ನು ಮನೆಯಲ್ಲಿ ನೀವೇ ಕೂರಿಸಿಕೊಂಡು ಹೇಳಿಕೊಡಬೇಕಾಗುತ್ತದೆ ಅಷ್ಟೇ.

ದೂರುಗಳೂ ಇವೆ. ಒಂದು ಮತ್ತು ಎರಡನೇ ಕ್ಲಾಸಿನ ಬ್ಯಾಗು 1.5ರಿಂದ 2 ಕೆಜಿ ಮೀರಬಾರದು, ಹೋಂವರ್ಕ್ ಕೊಡಬಾರದು ಅಂತ 2019ರಲ್ಲೇ ರಾಜ್ಯದ ಆದೇಶ ಇದೆ. ನಮ್ಮ ಅಂಗಡಿಯಲ್ಲಿ ಕೊರಿಯರ್ ತೂಕದ ಮೆಷಿನ್ ಇದೆ. ಮಗಳ ಬ್ಯಾಗು ಇಟ್ಟೆ, ಊಟದ ಡಬ್ಬಿ ತೆಗೆದ ಮೇಲೂ 2.9 ತೋರಿಸಿತು. ಅದರ ಫೋಟೋ ತೆಗೆದು ಎಚ್‌ಎಂ ಮೇಡಂಗೆ ತೋರಿಸಿದೆ. ಮಾರನೇ ವಾರದಿಂದ ನಾಲ್ಕು ಗೆರೆ ಪುಸ್ತಕ, ಚೌಕುಳಿ ಪುಸ್ತಕ ಕ್ಲಾಸಿನಲ್ಲೇ ಬಿಟ್ಟು ಬರಲು ಹೇಳಿದರು. ಹೋಂವರ್ಕ್ ಮಾತ್ರ ನಿಲ್ಲಲಿಲ್ಲ. ‘ಕೊಡಲಿಲ್ಲ ಅಂದ್ರೆ ಪೇರೆಂಟ್ಸೇ ಬಂದು ಜಗಳ ಆಡ್ತಾರೆ, ನಾನೇನು ಮಾಡಲಿ’ ಅಂತ ಮೇಡಂ ನನ್ನನ್ನೇ ಕೇಳಿದರು. ಅದೂ ನಿಜವೇ, ಆ ಜಗಳ ಆಡುವ ಒಬ್ಬರು ನನ್ನ ಪಕ್ಕದಲ್ಲೇ ಕೂತಿದ್ದರು.

ಲೈಬ್ರರಿ ಅನ್ನುವುದು ಎಚ್‌ಎಂ ರೂಮಿನ ಒಂದು ಬೀರು. ಬೀಗ ಹಾಕಿರುತ್ತದೆ. ಹಿಂದಿನ ಎರಡು ರೂಮಿಗೆ ಶೀಟಿನ ಮಾಡು, ಜುಲೈ ಮಳೆ ಜೋರಾದರೆ ಮಿಸ್ ಹೇಳುವುದು ಕೊನೆಯ ಬೆಂಚಿಗೆ ಕೇಳುವುದಿಲ್ಲ. ಮಳೆ ರಜೆ ಸಂಗತಿ ಇನ್ನೂ ಚೆಂದ. ಸಕಲೇಶಪುರ ಕಡೆ ರಜೆ, ನಮ್ಮ ತಾಲೂಕಿಗೆ ಇದೆಯೋ ಇಲ್ಲವೋ ಅಂತ ಬೆಳಗ್ಗೆ ಎಲ್ಲರೂ ಫೋನು ಹಿಡಿದು ಕೂತಿರುತ್ತೇವೆ. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬರುವ ಹೊತ್ತಿಗೆ ಮಗು ಯೂನಿಫಾರಂ ಹಾಕಿ, ಟೈ ಕಟ್ಟಿ, ಚಪಾತಿ ಡಬ್ಬಿಗೆ ಹೋಗಿ ಆಗಿರುತ್ತದೆ.

ಏಳನೇ ಕ್ಲಾಸು ಮುಗಿದ ಮೇಲೆ ಬೇರೆ ಶಾಲೆ ಹುಡುಕಬೇಕು ಅನ್ನುವುದನ್ನು ದೊಡ್ಡ ಕೊರತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಆಗ ಅವಳಿಗೆ ಹದಿಮೂರು, ಅವಳೂ ಒಂದು ಮಾತು ಹೇಳುವ ವಯಸ್ಸು.

ನನಗೆ ತೀರಾ ಬೇಸರ ತರಿಸಿದ್ದು ಟಾಯ್ಲೆಟ್ಟು. ಕೊಳಕಿಲ್ಲ, ತೊಳೆಯುತ್ತಾರೆ. ಆದರೆ ಕೈ ತೊಳೆಯುವ ನಲ್ಲಿ ದೊಡ್ಡವರ ಎತ್ತರಕ್ಕಿದೆ. ಒಂದನೇ ಕ್ಲಾಸಿನ ಮಕ್ಕಳು ತುದಿಗಾಲಲ್ಲಿ ನಿಂತು ತಿರುಗಿಸಬೇಕು, ನೀರು ಮೊಣಕೈವರೆಗೆ ಇಳಿದು ತೋಳೆಲ್ಲ ಒದ್ದೆ. ಎಷ್ಟೋ ಮಕ್ಕಳು ತೊಳೆಯದೆಯೇ ಊಟಕ್ಕೆ ಕೂರುತ್ತವೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಹೇಳಿದೆ. ಇನ್ನಿಬ್ಬರು ಅಮ್ಮಂದಿರೂ ದನಿಗೂಡಿಸಿದರು. ‘ದಸರಾ ರಜೆಯಲ್ಲಿ ಪ್ಲಂಬರ್ ಕರೆಸ್ತೀವಿ’ ಅಂದರು. ದಸರಾ ಹೋಯಿತು, ಬೇಸಿಗೆ ರಜೆಯೂ ಹೋಯಿತು. ಈಗ ನಲ್ಲಿಯ ಕೆಳಗೆ ಒಂದು ಮರದ ಮಣೆ ಬಂದಿದೆ. ಅದು ಅಲುಗಾಡುತ್ತದೆ. ಮುಂದಿನ ಮೀಟಿಂಗಿಗೆ ಪ್ಲಂಬರ್ ನಂಬರ್ ನಾನೇ ತೆಗೆದುಕೊಂಡು ಹೋಗುತ್ತೇನೆ.